ಹದಿನೈದು ಸೆಂಟಿಮೀಟರ್ ಕುಸಿತ

ಬೆಳಿಗ್ಗೆ ಹತ್ತಕ್ಕೆ ಗೋಲಿ ಸಾಹೇಬರ ಕಂಪ್ಯೂಟರು ಒಂಬತ್ತು ಸೆಂಟಿಮೀಟರ್ ಅಂದಿತು. ಕೆಳಗಿನ ಲ್ಯಾಬು ಇಪ್ಪತ್ತೆರಡು ಅಂದಿತು. ರಗಳೆ ಶುರುವಾದದ್ದು ಇಷ್ಟಕ್ಕೇ.

ಸುರಂಗ ಕೊರೆಯುವ ಯಂತ್ರದ ಮುಂದಿನ ಮಣ್ಣಿಗೆ ಸೋಪಿನ ನೊರೆ ಬೆರೆಸಿ, ಅದು ಹದವಾಗಿ ಹರಿದು ಹೊರಬರುವಂತೆ ನೋಡಿಕೊಳ್ಳುವುದು ಆ ಕಚೇರಿಯ ಕೆಲಸ. ಲ್ಯಾಬಿನ ಮೇಸ್ತ್ರಿ ತಗಡಿನ ಅಚ್ಚಿಗೆ ಮಣ್ಣು ತುಂಬಿ, ಅಚ್ಚನ್ನೆತ್ತಿ, ಗುಡ್ಡೆ ಎಷ್ಟು ಸೆಂಟಿಮೀಟರ್ ಕುಸಿಯಿತೆಂದು ಅಳೆಯುತ್ತಿದ್ದ. ಅದೇ ಕೆಲಸವನ್ನು ಸಾಹೇಬರು ಮಹಡಿಯ ಮೇಲೆ ಕುಳಿತು, ಪರದೆಯ ಮೇಲೆ ಎರಡು ಲಕ್ಷ ಪುಟ್ಟ ಗೋಲಿಗಳನ್ನು ಸುರಿದು ಮಾಡುತ್ತಿದ್ದರು. ಹೆಸರು ಬಂದದ್ದು ಹಾಗೆ. ಎರಡು ವರ್ಷದಲ್ಲಿ ಅವರು ನಿಜವಾದ ಮಣ್ಣನ್ನು ಮುಟ್ಟಿದ್ದು ಒಂದೇ ಸಲ, ಜಾರಿ ಬಿದ್ದಾಗ.

“ನಾಲ್ಕಕ್ಕೆ ತಪಾಸಣೆಯವರು ಬರ್ತಾರೆ,” ಎಂದರು ಮುಖ್ಯ ಎಂಜಿನಿಯರು. “ಎರಡೂ ಲೆಕ್ಕ ಒಂದೇ ಇರ್ಬೇಕು. ಇಲ್ಲಾಂದ್ರೆ ಮುರಿದ ಕುರ್ಚಿ ಇಡೋದಕ್ಕೆ ನಂಗೊಂದು ಕೋಣೆ ಬೇಕಾಗಿದೆ.”

ಅವರ ಕಣ್ಣು ಸಾಹೇಬರ ಕೋಣೆಯನ್ನು ಅಳೆಯುತ್ತಿತ್ತು.

ಅದೇ ಕಚೇರಿಯಲ್ಲಿ ಸರ್ವೇಯರ್ ಆಗಿದ್ದ, ಸಾಹೇಬರ ಹೆಂಡತಿಯ ತಮ್ಮ, ಕರೆಯದೆಯೇ ಓಡಿಬಂದ. “ಭಾವ, ಗೋಲಿಗಳ ಜಿಗುಟು ಕಮ್ಮಿ ಮಾಡಿ. ಮನೇಲೂ ನಿಮ್ದು ಅದೇ ತೊಂದ್ರೆ ಅಂತಾಳೆ ಅಕ್ಕ.”

ಕಮ್ಮಿ ಮಾಡಿದರು. ಕಲ್ಲೇಟು ಬಿದ್ದ ಹೆಜ್ಜೇನಿನಂತೆ ಎರಡು ಲಕ್ಷ ಗೋಲಿಗಳು ಎದ್ದು ಹಾರಿದವು. ಒಂದಂತೂ ಲೆಕ್ಕದ ಪ್ರಕಾರ ಮೂರು ಕಿಲೋಮೀಟರ್ ಎತ್ತರ ತಲುಪಿತ್ತು.

ಮಧ್ಯಾಹ್ನದ ಹೊತ್ತಿಗೆ, ಸಾವಿರ ದೇವರನ್ನು ನೆನೆದ ಮೇಲೆ, ಪರದೆಯಲ್ಲಿ ಇಪ್ಪತ್ತೆರಡು ಬಂತು! ಸುದ್ದಿ ಮುಟ್ಟಿಸಲು ಲ್ಯಾಬಿಗೆ ಹಾರಿದ ಭಾವಮೈದ ಜೋಲುಮೋರೆ ಹಾಕಿಕೊಂಡು ಮರಳಿದ.

“ಭಾವ, ಅಲ್ಲೀಗ ಒಂಬತ್ತು.”

ಊಟದ ಡಬ್ಬಿ ಮುಚ್ಚಿಟ್ಟು ಸಾಹೇಬರು ಮತ್ತೆ ಜಿಗುಟು ಏರಿಸಿದರು. ಪರದೆಯ ಮೇಲೆ ಒಂಬತ್ತು ಬರುವಷ್ಟರಲ್ಲಿ ಲ್ಯಾಬಿನಲ್ಲಿ ಇಪ್ಪತ್ತೆರಡು!

“ಈ ಮಣ್ಣಿಗೆ ನನ್ನ ಮೇಲೆ ಏನು ಹಗೆಯಪ್ಪಾ?” ಎಂದು ತಲೆ ಹಿಡಿದುಕೊಂಡರು. ಕೊನೆಗೆ ರೋಸಿಹೋಗಿ, ಎರಡರ ನಡುವೆ ಎಲ್ಲೋ ಒಂದು ಕಡೆ ಜಿಗುಟನ್ನು ನಿಲ್ಲಿಸಿದರು. ಮೂರೂವರೆಗೆ ಪರದೆ ಹದಿನೈದು ಅಂದಿತು. ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು: “ಭಾವಾ, ಹದಿನೈದು!”

ತಪಾಸಣೆಯವರು ಪರದೆ ನೋಡಿದರು, ಗುಡ್ಡೆ ನೋಡಿದರು, ವರದಿಗೆ ಸಹಿ ಹಾಕಿದರು. ಮುಖ್ಯ ಎಂಜಿನಿಯರು ಸಾಹೇಬರ ಬೆನ್ನು ತಟ್ಟಿ, “ನಾಳೆಯೇ ಯಂತ್ರ ಶುರು. ಮಣ್ಣು ಹೊರಬೀಳೋ ಬಾಯಿ ಎದುರಿಗೆ ನೀವೇ ನಿಂತಿರ್ಬೇಕು. ಗೌರವದ ಜಾಗ!” ಎಂದರು.

ಎಲ್ಲರೂ ಹೋದ ಮೇಲೆ ಸಾಹೇಬರು ಲ್ಯಾಬಿಗಿಳಿದು ಮೇಸ್ತ್ರಿಯ ಕೈ ಕುಲುಕಿದರು. “ಮೇಸ್ತ್ರಿ, ಕೊನೆಗೂ ನನ್ನ ಲೆಕ್ಕ ನಿಮ್ಮ ಮಣ್ಣಿಗೆ ಸರಿಹೋಯ್ತು.”

“ನನ್ನ ಮಣ್ಣು ನಿಮ್ಮ ಲೆಕ್ಕಕ್ಕೆ ಸರಿಹೋಯ್ತು ಅನ್ನಿ ಸಾರ್. ನಿಮ್ಮ ಭಾವಮೈದ ಬಂದು ನಿಮ್ಮ ಕಂಪ್ಯೂಟರಿನ ಲೆಕ್ಕ ಅಂತ ಒಂದೊಂದು ಸಲ ಒಂದೊಂದು ಹೇಳೋರು. ಕಂಪ್ಯೂಟರ್ ಸುಳ್ಳು ಹೇಳುತ್ತಾ? ಹೇಳಿದ್ದು ಬರೋವರೆಗೆ ನೊರೆ ಹೆಚ್ಚುಕಮ್ಮಿ ಮಾಡ್ತಿದ್ದೆ. ಕೊನೆಗೆ ನಂಗೂ ಸಾಕಾಗಿ ಮಧ್ಯಕ್ಕೆ ಬಿಟ್ಟೆ.”

ಸಾಹೇಬರು ಹಿಡಿದಿದ್ದ ಕೈ ಬಿಟ್ಟರು. “ಬೆಳಗಿನ ಇಪ್ಪತ್ತೆರಡಾದ್ರೂ ನಿಜ ತಾನೆ?”

“ಅದು ನಿನ್ನೆ ನಿಮ್ಮ ಕಂಪ್ಯೂಟರ್ ಹೇಳಿದ್ದು ಸಾರ್.”

“ಹಾಗಾದ್ರೆ... ಈ ಮಣ್ಣು ನಿಜವಾಗಿ ಹೇಗೆ ಹರಿಯುತ್ತೆ?”

ಮೇಸ್ತ್ರಿ ಬಾಣಲಿ ತೊಳೆಯುತ್ತಾ ಹೇಳಿದ: “ಎದುರಿಗೇ ನಿಂತಿರ್ತೀರಲ್ಲ ಸಾರ್. ನಾಳೆ ಎಲ್ಲರಿಗಿಂತ ಮೊದಲು ನಿಮಗೇ ಗೊತ್ತಾಗುತ್ತೆ.”