ಗಂಡ ಮೆಚ್ಚಿದ ಮೂರನೇ ಪೆಟ್ಟಿಗೆ

ಗಂಡ ಕುಡಿದು ಬಂದರೆ ಹೆಂಡತಿ ಬೈಯಬಹುದು. ಜೂಜಾಡಿ ಬಂದರೆ ಅತ್ತು ಕರೆದು ರಂಪ ಮಾಡಬಹುದು. ಆದರೆ ಬೆಳ್ಳಂಬೆಳಗ್ಗೆ ಮೂರು ಪೆಟ್ಟಿಗೆ ಹೊತ್ತು ತಂದು, ಊಟದ ಮೇಜಿನ ಮೇಲೆ ಸಾಲಾಗಿ ಕೂರಿಸಿ, ಹೆತ್ತ ಮಕ್ಕಳನ್ನು ನೋಡುವ ಹಾಗೆ ನೋಡುತ್ತಾ ನಿಂತರೆ ಯಾವ ಹೆಂಡತಿ ತಾನೆ ಏನು ಮಾಡಿಯಾಳು? ಕಣ್ಣೀರಕ್ಕನಿಗೆ ಆ ದಿನ ಒದಗಿದ ಸಂಕಟ ಅದೇ.

(ಕಣ್ಣೀರಕ್ಕ ಎಂದರೆ ಸದಾ ಅಳುವವಳು ಎಂದುಕೊಳ್ಳಬೇಡಿ. ಅವಳು ಡಬ್ಬಿಂಗ್ ಕಲಾವಿದೆ. ಧಾರಾವಾಹಿಯ ನಾಯಕಿ ತೆರೆಯ ಮೇಲೆ ಗ್ಲಿಸರಿನ್ ಸುರಿಸುತ್ತಾಳೆ. ಬಿಕ್ಕುವ ಕೆಲಸ ಇವಳದು. ನಾಯಕಿ, ನಾಯಕಿಯ ಅತ್ತೆ, ಬಾವಿಯೊಳಗಿನ ದೆವ್ವ, ಯಾರ ಗಂಟಲು ಬೇಕೋ ಹೇಳಿ, ಇವಳಲ್ಲಿ ಸಿದ್ಧ. ಬೀದಿಯವರಿಗೆ ಹೆಸರಿಡಲು ಅಷ್ಟು ಸಾಕಾಯಿತು.)

ಗಂಡ ರೆಕಾರ್ಡಿಂಗ್ ಎಂಜಿನಿಯರ್. ಮನೆಯ ಹಿಂದಿನ ಎರಡು ಕೋಣೆಗಳ ನಡುವಿನ ಗೋಡೆ ಒಡೆಸಿ, ದಪ್ಪ ಗಾಜು ಹಾಕಿಸಿ, ಆ ಕಡೆ ಮೈಕು, ಈ ಕಡೆ ತಾನು ಎಂದು ಸ್ಟುಡಿಯೋ ಮಾಡಿಕೊಂಡಿದ್ದ. ತನ್ನ ಕಿವಿಯ ಮೇಲೆ ಅವನಿಗೆ ಹೆಂಡತಿಯ ಮೇಲಿದ್ದುದಕ್ಕಿಂತ ಹೆಚ್ಚು ನಂಬಿಕೆ.

"ಏನ್ರೀ ಇವೆಲ್ಲ?" ಎಂದು ಕೇಳಿದಳು ಕಣ್ಣೀರಕ್ಕ.

"ಡಿಲೇ ಯೂನಿಟ್ಟು ಕಣೇ. ಹಾಡಿದ್ದನ್ನ ಸ್ವಲ್ಪ ತಡವಾಗಿ ತಿರುಗಿ ಹೇಳುತ್ತೆ. ಪ್ರತಿಧ್ವನಿ ಥರ."

"ತಡ ಮಾಡೋಕೂ ಯಂತ್ರ ಬೇಕಾ? ಬಚ್ಚಲ ನಲ್ಲಿ ಸೋರ್ತಿದೆ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದು ಹೋಯ್ತು. ತಡ ಮಾಡೋಕೆ ಈ ಮನೆಗೆ ನೀವೊಬ್ಬರು ಸಾಲದಾ?"

"ತಮಾಷೆ ಬೇಡ. ಮಧ್ಯಾಹ್ನ ಹಾಡುಗಾರ್ತಿ ಬರ್ತಾರೆ. ಅವರಿಗೆ ಹಾಡ್ತಾ ಇರುವಾಗ್ಲೇ ಕಿವೀಲಿ ಎಕೋ ಬೇಕು. ಇವತ್ತು ಮೆಚ್ಚಿದ್ರೆ ಇನ್ಮೇಲೆ ಅವರ ಎಲ್ಲಾ ಹಾಡೂ ಇಲ್ಲೇ."

"ಕಂಪ್ಯೂಟರಲ್ಲೇ ಎಕೋ ಇದೆಯಲ್ಲಾ?"

ಗಂಡನ ಮುಖ ಹುಳಿ ತಿಂದಂತಾಯಿತು. "ಅದರಲ್ಲಿ ಕೈಗೆ ಸಿಗೋ ಗುಂಡಿ ಎಲ್ಲಿದೆ? ದಿನಾ ಕೆಲಸಕ್ಕೆ ಪೆಟ್ಟಿಗೆ ಅಂದ್ರೆ ಹೇಗಿರ್ಬೇಕು ಗೊತ್ತಾ? ಕಣ್ಮುಚ್ಚಿ ತಿರುಗಿಸಿದ್ರೂ ಕೈ ತಪ್ಪಬಾರ್ದು, ಗುಂಯ್ ಅನ್ನಬಾರ್ದು, ಮಾತೆತ್ತಿದ್ರೆ ರಿಪೇರಿ ಕೇಳಬಾರ್ದು."

(ಇದೇ ಮಾತನ್ನು ಅವನು ಹೆಣ್ಣು ನೋಡಲು ಬಂದಾಗಲೂ ಮನಸ್ಸಿನಲ್ಲಿ ಹೇಳಿಕೊಂಡಿದ್ದನೇನೋ ಎಂದು ಕಣ್ಣೀರಕ್ಕನಿಗೆ ಅನುಮಾನ ಬಂತು.)

ಪರೀಕ್ಷೆಯ ಏರ್ಪಾಡು ಹೀಗೆ: ಮೂರೂ ಪೆಟ್ಟಿಗೆ ಮೈಕಿನ ಕೋಣೆಯಲ್ಲಿ, ಕಣ್ಣೀರಕ್ಕನ ಪಕ್ಕದ ಸ್ಟೂಲಿನ ಮೇಲೆ. ಅವಳು ಒಂದೊಂದಕ್ಕೇ ಮೈಕಿನ ತಂತಿ ಸಿಕ್ಕಿಸಿ ಮಾತಾಡಬೇಕು. ಗಂಡ ಗಾಜಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಬರೀ ಕಿವಿಯಿಂದ ತೀರ್ಪು ಕೊಡುತ್ತಾನೆ.

"ಒಂದು ಮಾತು. ಮೂರಕ್ಕೂ ಬೇರೆ ಬೇರೆ ಕರೆಂಟು. ಒಂದರ ಅಡಾಪ್ಟರ್ ಇನ್ನೊಂದಕ್ಕೆ ಚುಚ್ಚಿದ್ಯೋ, ಪೆಟ್ಟಿಗೆ ಗೋತಾ. ಅಂಗಡಿಯವನು ನಂಬಿ ಕೊಟ್ಟಿರೋದು."

"ರಿಪೇರಿ ಮಾಡ್ತೀನಿ ಅಂತ ನನ್ನ ಮಿಕ್ಸಿ ಸುಟ್ಟೋರು ನನಗೆ ಕರೆಂಟಿನ ಪಾಠ ಹೇಳ್ಬೇಡಿ!" ಎಂದು ಕಣ್ಣೀರಕ್ಕ ಕನ್ನಡಕ ಮೇಲೇರಿಸಿ ಸೊಂಟಕ್ಕೆ ಕೈಯಿಟ್ಟಳು. ಆ ಮಿಕ್ಸಿಯ ಹೆಸರೆತ್ತಿ ಅವಳು ವರ್ಷಗಟ್ಟಲೆ ಗೆದ್ದ ಜಗಳಗಳಿಗೆ ಲೆಕ್ಕವಿಲ್ಲ. ಗಂಡ ತೆಪ್ಪಗೆ ಹೋಗಿ ಕುಳಿತ.

ಮೊದಲನೆಯದು ಡಿಜಿಟಲ್. "ಎಲ್ಲಿದ್ದೀಯಾ?" ಎಂದಳು ಕಣ್ಣೀರಕ್ಕ. ಪೆಟ್ಟಿಗೆ ಚಾಚೂ ತಪ್ಪದೆ ಅದನ್ನೇ ಹೇಳಿತು. "ಸ್ಟೀಲ್ ಲೋಟ ಇದ್ದ ಹಾಗಿದೆ. ಶುಭ್ರ, ಆದ್ರೆ ತಣ್ಣಗೆ," ಎಂದಿತು ಹೆಡ್‌ಫೋನಿನಲ್ಲಿ ಗಂಡನ ಧ್ವನಿ. ಎರಡನೆಯದು ಟೇಪಿನದು, ಒಳಗೆ ಕ್ಯಾಸೆಟ್ಟಿನ ಹಾಗೆ ಟೇಪು ಸುತ್ತುತ್ತಾ ಹೇಳುವಂಥದ್ದು. "ರುಚಿ ಇದೆ. ಆದ್ರೆ ತೂಕಡಿಸುತ್ತೆ. ದಿನಾ ಇದರ ಸೇವೆ ಮಾಡೋರ್ಯಾರು? ಮುಂದಿನದು."

ಮೂರನೆಯದು ಹಳೆಯ ಕಾಲದ ಅನಲಾಗ್ ಪೆಟ್ಟಿಗೆ. ಕಣ್ಣೀರಕ್ಕ ಕೈಗೆ ಸಿಕ್ಕ ಅಡಾಪ್ಟರನ್ನು ಚುಚ್ಚಿದಳು. ಸಿಕ್ಕಿದ್ದು ಮೊದಲನೆಯದರದು.

ಟಪ್!

ಪೆಟ್ಟಿಗೆಯ ಕೆಂಪು ದೀಪ ಒಮ್ಮೆ ಕಣ್ಣು ಬಿಟ್ಟು ಮುಚ್ಚಿತು. ಸಂದಿನಿಂದ ಹೊಗೆಯ ಎಳೆಯೊಂದು ಎದ್ದು ಅವಳ ಮೂಗಿನವರೆಗೆ ಬಂತು. ಕಣ್ಣೀರಕ್ಕ ಸೆರಗಿನಿಂದ ಹೊಗೆ ಬೀಸಿದಳು. ಬಾಗಿಲಾಚೆಯಿಂದ ಅತ್ತೆಯ ಕೂಗು ಬೇರೆ: "ಏನೋ ಸುಟ್ಟ ವಾಸನೆ ಕಣೇ!"

"ಒಲೆ ಮೇಲೆ ಹಾಲಿಟ್ಟಿದ್ದೆ ಅತ್ತೆ, ನೀವೇ ನೋಡಿ!" (ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ.)

"ಯಾಕೆ ತಡ? ಶುರು ಮಾಡು," ಎಂದ ಗಂಡ.

ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಮಿಕ್ಸಿಯ ಗತಿಯೇನು? ಇಷ್ಟು ವರ್ಷ ಕಾಪಾಡಿದ ಬ್ರಹ್ಮಾಸ್ತ್ರ ಒಂದು ಕ್ಷಣದಲ್ಲಿ ಹುಲ್ಲುಕಡ್ಡಿಯಾಗುತ್ತದೆ. ಕಣ್ಣೀರಕ್ಕ ಸತ್ತ ಪೆಟ್ಟಿಗೆಯಿಂದ ತಂತಿ ಕಿತ್ತು ಮೈಕನ್ನು ನೇರವಾಗಿ ಗಂಡನ ಯಂತ್ರಕ್ಕೆ ಹೋಗುವ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದಳು, ಗಂಟಲು ಸರಿಮಾಡಿಕೊಂಡಳು.

"ಎಲ್ಲಿದ್ದೀಯಾ?" ಎಂದಳು. ಮುಖ ಪಕ್ಕಕ್ಕೆ ತಿರುಗಿಸಿ ಮೆಲ್ಲಗೆ, "ಲ್ಲಿದ್ದೀಯಾ..." ಬಾಯಿಗೆ ಅಂಗೈ ಅಡ್ಡ ಹಿಡಿದು, "ದ್ದೀಯಾ..." ಗೋಡೆಯ ಕಡೆಗೆ, "ಯಾ..." ಬಾವಿಯ ದೆವ್ವಕ್ಕೆ ದನಿ ಕೊಟ್ಟ ಅನುಭವ ಎಲ್ಲಿಗೆ ಹೋಗುತ್ತದೆ?

ಸಿಕ್ಕಿಬಿದ್ದೆ ಎಂದುಕೊಂಡು ಅವಳು ಗಾಜಿನಾಚೆಯ ಬೆನ್ನನ್ನೇ ನೋಡಿದಳು.

"ಅಬ್ಬಬ್ಬಬ್ಬಾ!" ಎಂದ ಗಂಡ. "ಎಂಥಾ ಬಿಸುಪು! ಜೀವ ಇದೆ ಕಣೇ ಇದರಲ್ಲಿ! ಮನುಷ್ಯರು ಉಸಿರಾಡ್ದಂಗಿದೆ!"

ಕಣ್ಣೀರಕ್ಕ ದಂಗಾದಳು. ಮದುವೆಯಾದಾಗಿನಿಂದ ಅವಳು ಈ ಮೈಕಿನ ಮುಂದೆ ಅತ್ತಿದ್ದಾಳೆ, ನಕ್ಕಿದ್ದಾಳೆ, ಧಾರಾವಾಹಿಯಲ್ಲಿ ಹಲವು ಸಲ ಪ್ರಾಣ ಬಿಟ್ಟಿದ್ದಾಳೆ. ಒಂದು ದಿನವಾದರೂ ಈ ಮನುಷ್ಯ "ಅಬ್ಬಾ" ಅಂದದ್ದುಂಟೇ?

"ಟೈಮು ಕಮ್ಮಿ ಮಾಡು!" ಎಂದ. ಅವಳು ಬೇಗ ಬೇಗ ಹೇಳಿದಳು. "ಈಗ ರಿಪೀಟ್ ಗುಂಡಿ ಪೂರ್ತಿ ತಿರುಗಿಸು!"

ಪೂರ್ತಿ ತಿರುಗಿಸಿದರೆ ಪ್ರತಿಧ್ವನಿ ನಿಲ್ಲುವುದೇ ಇಲ್ಲವೆಂದು ಅವಳಿಗೆ ಗೊತ್ತಿತ್ತು. "ಯಾ... ಯಾ... ಯಾ... ಯಾ..." ಎನ್ನುತ್ತಾ ಹೋದಳು. ಮುಖ ಕೆಂಪಾಯಿತು, ಕಣ್ಣು ಕತ್ತಲಿಟ್ಟಿತು, ಕೊನೆಗೆ ತಡೆಯಲಾರದೆ ಖೊಳ್ ಎಂದು ಕೆಮ್ಮಿದಳು.

"ಆಹಾ! ಆ ಗೊರಗೊರ ಕೇಳಿಸ್ತಾ? ಹಳೇ ಸರ್ಕ್ಯೂಟಿನ ಲಕ್ಷಣ ಅದು! ಈಗಿನ ಯಾವ ಕಂಪನಿಗೂ ಸಾಧ್ಯ ಇಲ್ಲ!"

ಅವಳು ಉಸಿರು ಹಿಡಿದುಕೊಂಡು ಈಚೆ ಬರುವಷ್ಟರಲ್ಲಿ ಗಂಡ ಅಂಗಡಿಗೆ ಫೋನು ಮಾಡಿಯಾಗಿತ್ತು. ಮೂರನೆಯದು ನಮ್ಮದೇ, ಉಳಿದೆರಡನ್ನು ಈಗಲೇ ತಗೊಂಡು ಹೋಗಿ ಎಂದೂ ಹೇಳಿಯಾಗಿತ್ತು.

"ರೀ, ಮೊದಲನೇದೇ ಚೆನ್ನಾಗಿತ್ತು ಕಣ್ರೀ," ಎಂದಳು ಕಣ್ಣೀರಕ್ಕ, ಅಳುಮೋರೆಯಲ್ಲಿ. (ಈ ಸಲ ಡಬ್ಬಿಂಗ್ ಅಲ್ಲ.)

"ನಿನಗೆ ಕಿವಿ ಇಲ್ಲ ಬಿಡು," ಎಂದ ಗಂಡ, ಕರುಣೆಯಿಂದ. ಅಂಗಡಿಯವರು ಬಂದು ಎರಡೂ ಪೆಟ್ಟಿಗೆ ಹೊತ್ತೊಯ್ದರು.

ಮಧ್ಯಾಹ್ನ ಹಾಡುಗಾರ್ತಿ ಬಂದರು. ಸಿಟ್ಟು ಮೂಗಿನ ತುದಿಯಲ್ಲಿ ಎಂಬ ಮಾತು ಅವರಿಗೆ ಸಾಲದು. ಮೂಗಿಗಿಂತ ಒಂದು ಗೇಣು ಮುಂದೆಯೇ ಇತ್ತು. ಹಿಂದಿನ ಸ್ಟುಡಿಯೋದಲ್ಲಿ ಎಕೋ ಚೆನ್ನಾಗಿಲ್ಲವೆಂದು ಅರ್ಧ ಹಾಡಿಗೇ ಎದ್ದು ಬಂದವರು. "ಫೋನಲ್ಲಿ ಬರೀ ನಿಮ್ಮ ಪೆಟ್ಟಿಗೆಯದ್ದೇ ಮಾತಾಯ್ತು. ಕೇಳೋಣ," ಎಂದು ಹೆಡ್‌ಫೋನು ಏರಿಸಿ ಕಣ್ಣು ಮುಚ್ಚಿದರು.

ಮೈಕು ಸರಿಪಡಿಸುವ ನೆಪದಲ್ಲಿ ಕಣ್ಣೀರಕ್ಕನೂ ಒಳಗೆ ಉಳಿದಳು. ಬೇರೆ ದಾರಿಯಾದರೂ ಏನಿತ್ತು? ಹಾಡುಗಾರ್ತಿ "ಬಾರೋ ಬೆಳಕೇ" ಎಂದು ಎಳೆದರು. ಹಿಂದಿನಿಂದ, ಅವರದೇ ದನಿಯಲ್ಲಿ, "ಬೆಳಕೇ... ಳಕೇ... ಕೇ..." ಎಂದಿತು ಪ್ರತಿಧ್ವನಿ.

"ಕೇಳಿದ್ರಾ ಮೇಡಂ!" ಗಾಜಿನಾಚೆ ಗಂಡ ಕಣ್ಣು ಮುಚ್ಚಿ ತೂಗಾಡುತ್ತಿದ್ದ. "ಇದೇ ನೋಡಿ ನಮ್ಮ ಪೆಟ್ಟಿಗೆ!"

ಹಾಡುಗಾರ್ತಿಗೆ ಕತ್ತಿನ ಹಿಂದೆ ಬಿಸಿಯುಸಿರು ತಾಗಿತು. ಗಕ್ಕನೆ ತಿರುಗಿದರು. ಬಾಯಿಗೆ ಅಂಗೈ ಹಿಡಿದು, ಕೆನ್ನೆಯುಬ್ಬಿಸಿ, "ಕೇ..." ಎನ್ನುತ್ತಾ ನಿಂತಿದ್ದ ಹೆಂಗಸನ್ನು ಕಂಡು ಕಿಟಾರನೆ ಕಿರುಚಿದರು. ಅಭ್ಯಾಸಬಲ ನೋಡಿ, ಕಣ್ಣೀರಕ್ಕ ಆ ಕಿರುಚಾಟಕ್ಕೂ ಎರಡು ಸಲ ಪ್ರತಿಧ್ವನಿ ಕೊಟ್ಟಳು.

"ಏನ್ರೀ ಇದು!" ಎಂದರು ಹಾಡುಗಾರ್ತಿ, ಗಾಜಿನ ಕಡೆ ಕೈ ತೋರಿಸಿ. "ನಿಮ್ಮ ಪೆಟ್ಟಿಗೆ ಕನ್ನಡಕ ಹಾಕ್ಕೊಂಡಿದೆಯಲ್ರೀ!"

ಗಂಡ ಕಣ್ಣು ಬಿಟ್ಟ. ಓಡಿ ಬಂದ. ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಒಳಗೆಲ್ಲ ಸುಟ್ಟ ಮಸಿ. ಬೆಳಗಿನ ಕಥೆಯನ್ನು ಕಣ್ಣೀರಕ್ಕ ನೆಲ ನೋಡುತ್ತಾ ಒಪ್ಪಿಸಿದಳು.

"ಅಂದ್ರೆ... ಆ ಬಿಸುಪು?"

"ನಾನೇ."

"ಆ ಹಳೇ ಸರ್ಕ್ಯೂಟಿನ ಗೊರಗೊರ?"

"ಕೆಮ್ಮು ಬಂತು ಕಣ್ರೀ."

ಅವನು ಎರಡೂ ಕಿವಿ ಮುಟ್ಟಿ ನೋಡಿಕೊಂಡ, ಇನ್ನೂ ಇವೆಯೋ ಇಲ್ಲವೋ ಎಂಬಂತೆ. ಅಪ್ಪ ಸತ್ತ ದಿನವೂ ಅವನ ಮುಖ ಹೀಗೆ ಬಿಳಿಚಿಕೊಂಡಿರಲಿಲ್ಲ. ಕಣ್ಣೀರಕ್ಕನಿಗೆ ಭಯವೂ ಆಯಿತು, ಅಯ್ಯೋ ಎಂದೂ ಅನ್ನಿಸಿತು.

ಹಾಡುಗಾರ್ತಿ ಎದ್ದು ಹೋಗುತ್ತಾರೆಂದು ಇಬ್ಬರೂ ಕಾದರು. ಅವರು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಕಣ್ಣೀರಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನ ದನೀಲಿ ಇಷ್ಟು ಚೆನ್ನಾಗಿ ನಾನೇ ಹಾಡಿರ್ಲಿಲ್ಲ. ಇವರೇ ಇರ್ಲಿ. ಎಲ್ಲಾ ಹಾಡಿಗೂ."

ಎಲ್ಲಾ ಹಾಡಿಗೂ! ಹಾಡುಗಾರ್ತಿ ಒಂದು ಸಲ ಹಾಡಿದ್ದನ್ನು ಕಣ್ಣೀರಕ್ಕ ಮೂರು ಸಲ ಹೇಳಬೇಕು. ಹಾಡುಗಾರ್ತಿ ಸಮಾಧಾನವಾಗದೆ ಮತ್ತೆ ಹಾಡಿದರೆ ಮತ್ತೆ ಮೂರು ಸಲ. ಹಾಡುಗಾರ್ತಿ ನಡುವೆ ಕಷಾಯ ಕುಡಿದರು. ಪೆಟ್ಟಿಗೆಗೆ ಕಷಾಯ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗಾಜಿನಾಚೆ ಗಂಡ ಚೇತರಿಸಿಕೊಂಡಿದ್ದ. "ಫೀಡ್‌ಬ್ಯಾಕ್ ಸ್ವಲ್ಪ ಕಮ್ಮಿ ಮಾಡ್ಕೋ," "ಆ ಕೊನೇ ರಿಪೀಟು ಇನ್ನೂ ಮೆತ್ತಗೆ" ಎಂದು ಕೈಯಾಡಿಸುತ್ತಾ ಹೆಂಡತಿಯ ಗುಂಡಿಗಳನ್ನು ತಿರುಗಿಸುತ್ತಲೇ ಇದ್ದ. ಇಷ್ಟು ವರ್ಷಗಳಲ್ಲಿ ಅವನು ಹೇಳಿದಂತೆಲ್ಲ ಅವಳು ಕೇಳಿದ ದಿನ ಅದೊಂದೇ.

ಸಂಜೆ ಹಾಡುಗಾರ್ತಿ ಸಂತೋಷದಿಂದ ಹೊರಟುಹೋದ ಮೇಲೆ ಅಂಗಡಿಯವನ ಫೋನು ಬಂತು. ಸುಟ್ಟ ಪೆಟ್ಟಿಗೆಯ ವಿಷಯವನ್ನು ಗಂಡ ತಿಳಿಸಿದ, ನಮ್ಮದೇ ತಪ್ಪು, ಕೊಂಡುಕೊಂಡಿದ್ದೇವೆ ಎಂದ. ಬೇರೆ ಪೆಟ್ಟಿಗೆ ಕಳಿಸಲೇ ಎಂದು ಅವನು ಕೇಳಿದನೆಂದು ತೋರುತ್ತದೆ.

"ಬೇಡಪ್ಪಾ, ಮನೇಲೇ ಒಂದಿದೆ ಅಂತ ಇವತ್ತು ಗೊತ್ತಾಯ್ತು," ಎಂದ ಗಂಡ, ಸೋಫಾದ ಮೇಲೆ ಕಾಲು ಚಾಚಿ. "ಹಳೇ ಮಾಡೆಲ್ಲೇ. ಸೌಂಡು ಪರವಾಗಿಲ್ಲ... ಬೇಗ ಬಿಸಿಯಾಗುತ್ತೆ, ಅದೊಂದೇ... ಆಫ್ ಮಾಡೋ ಸ್ವಿಚ್ಚಾ? ಇಲ್ಲ, ಅದನ್ನ ಇಟ್ಟೇ ಇಲ್ಲ."

ಅಡುಗೆಮನೆಯಲ್ಲಿದ್ದ ಕಣ್ಣೀರಕ್ಕ ಸಟಕ್ಕನೆ ಹೊರಗೆ ಬಂದಳು. ಈ ಮಾತಿಗೆ ಕೊಡಬೇಕಾದ ಉತ್ತರ ಪೂರ್ತಿಯಾಗಿ, ಅಲಂಕಾರ ಸಮೇತ, ಅವಳ ನಾಲಿಗೆಯ ತುದಿಯಲ್ಲಿತ್ತು. ಸೊಂಟಕ್ಕೆ ಕೈಯಿಟ್ಟಳು. ಬಾಯಿ ತೆರೆದಳು.

"ಹ್ಹ್..." ಎಂದು ಗಾಳಿ ಮಾತ್ರ ಬಂತು.

ಇನ್ನೊಮ್ಮೆ ಪ್ರಯತ್ನಿಸಿದಳು. ಗಾಳಿಯೂ ಬರಲಿಲ್ಲ.

"ಅಯ್ಯೋ, ಇದೇನೋ ಮಗಾ," ಎಂದರು ಅತ್ತೆ, ಬೆಚ್ಚಿಬಿದ್ದು ಕೋಣೆಯಿಂದ ಹೊರಗೆ ಬಂದು. "ಮನೆ ಯಾಕೋ ಇಷ್ಟು ನಿಶ್ಶಬ್ದ? ನನ್ನ ಕಿವಿಯೇನಾದ್ರೂ ಹೋಯ್ತಾ?"