ಗಂಡಸಿನ ಹಾರ್ಮೋನು, ಗುಂಡ್ಲುಪೇಟೆ ಲ್ಯಾಬು

ಗುಂಡ್ಲುಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಚಾಮರಾಜನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಶುಗರ್, ಥೈರಾಯ್ಡ್ ಅಂದರೆ ಸುಮ್ಮನೆ ತೋಳು ಚಾಚುವ ನಮ್ಮ ಜನ, ಆಂಡ್ರೊಜನ್ ಅನ್ನುವ ಗಂಡಸಿನ ಹಾರ್ಮೋನಿನ ಮಾತು ಬಂದರೆ ಮಾತ್ರ ಏನಾದರೊಂದು ಫಜೀತಿ ಮಾಡದೆ ಹೋಗುವುದಿಲ್ಲ.

ಬೋಳುತಲೆಯ ಬಡಾಯಿ

ಈರುಳ್ಳಿ ವ್ಯಾಪಾರಿಯೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಬೋಳುತಲೆಗೆ ವಂಶದ ಗುಣದ ಜೊತೆ ಗಂಡಸಿನ ಹಾರ್ಮೋನೂ ಕಾರಣ ಎಂದು ನಮ್ಮ ಲ್ಯಾಬಿನ ಡಾಕ್ಟರು ಹೇಳಿದ್ದೇ ತಡ, ತಲೆಗೆ ಸುತ್ತಿದ್ದ ಟವೆಲು ಹೆಗಲಿಗೆ ಬಂತು.

"ನೋಡ್ದಾ? ಗಂಡಸ್ತನ ಜಾಸ್ತಿ ಆಗಿ ಉದುರಿರೋದು ಕಣಮ್ಮಿ!"

ಹಾರ್ಮೋನು ಜಾಸ್ತಿ ಇರಬೇಕೆಂದೇನಿಲ್ಲ, ಕೂದಲ ಬುಡಕ್ಕೆ ಅದು ಒಗ್ಗದಿದ್ದರೂ ಸಾಕು ಎಂದು ನಾನು ಹೇಳುವಷ್ಟರಲ್ಲಿ ಆಕೆಯೇ ಬಾಯಿ ಬಿಟ್ಟರು.

"ನಿಮ್ಮಪ್ಪಂಗೆ ಕೊನೇವರ್ಗೂ ತಲೆ ತುಂಬ ಕೂದ್ಲಿತ್ತಲ್ಲ, ಎಂಟು ಮಕ್ಳು ಎಲ್ಲಿಂದ ಬಂದ್ರು?"

ಒಂಚೂರು ಇರ್ಲಿ

ಹಂಗಳದ ಕಾಲೇಜು ಹುಡುಗಿಗೆ ಗಲ್ಲದ ಮೇಲೆ ಕೂದಲು ಬಂದಿತ್ತು. ಪಾಪ, ವೇಲಿನಲ್ಲಿ ಮುಖ ಮುಚ್ಚಿಕೊಂಡೇ ಕೂತಿದ್ದಳು. ಪಕ್ಕದಲ್ಲಿ ಅವಳ ಅಜ್ಜಿ.

"ಹೆಣ್ಣುಮಕ್ಕಳ ಮೈಯಲ್ಲೂ ಈ ಹಾರ್ಮೋನು ಸ್ವಲ್ಪ ಇರುತ್ತಮ್ಮ, ಬೇಕು ಕೂಡ. ಜಾಸ್ತಿಯಾದರೆ ಹೀಗಾಗುತ್ತೆ. ಔಷಧಿ ಇದೆ," ಎಂದೆ.

ಅಜ್ಜಿ ತಮ್ಮ ಗಲ್ಲ ಸವರಿಕೊಂಡರು. "ನಂಗೂ ನಾಕು ಕೂದ್ಲವೆ. ಇವ್ಳ ತಾತ ಇವತ್ತಿಗೂ ಎದುರು ಮಾತಾಡಿಲ್ಲ. ಪೂರ್ತಿ ಕಮ್ಮಿ ಮಾಡ್ಬುಡ್ಬ್ಯಾಡಿ ಕಣವ್ವ, ಮದ್ವೆ ಆಗೋ ಹುಡ್ಗಿ. ಒಂಚೂರು ಇರ್ಲಿ."

ಹುಡುಗಿ ವೇಲಿನೊಳಗೇ ನಕ್ಕಳು.

ಎಲ್ಲಕ್ಕೂ ಅಣ್ಣನೇ

ಭೀಮನಬೀಡಿನ ಸೊಸೆಯೊಬ್ಬಳಿಗೆ ಮದುವೆಯಾಗಿ ವರ್ಷಗಳಾದರೂ ಮಗುವಾಗಿರಲಿಲ್ಲ. ಎಲ್ಲ ಪರೀಕ್ಷೆಗಳೂ ಅವಳಿಗೇ ಆಗಿದ್ದವು. ಏನೂ ತೊಂದರೆ ಸಿಕ್ಕಿರಲಿಲ್ಲ, ಆದರೂ ಮನೆಯಲ್ಲಿ ಮಾತು ಕೇಳುತ್ತಿದ್ದವಳು ಅವಳೇ. ಕೊನೆಗೆ ಡಾಕ್ಟರು ಗಂಡನ ಹಾರ್ಮೋನು ನೋಡೋಣ ಎಂದರು.

ಈ ಹಾರ್ಮೋನು ಬೆಳಿಗ್ಗೆ ಹೊತ್ತು ಹೆಚ್ಚಿರುವುದರಿಂದ ಬೇಗ ಬರಲು ಹೇಳಿದ್ದೆ. ಅವಳ ಜೊತೆ ಬಂದವರು ಗರಿಗರಿ ಪಂಚೆಯ ಹಿರಿಯರು. ಕೂತವರೇ ಅಂಗಿಯ ತೋಳು ಮಡಿಸಿ ಕೈ ಚಾಚಿದರು. ವಯಸ್ಸು ನೋಡಿ ನನಗೆ ಅನುಮಾನ ಬಂತು.

"ನೀವು ಇವರ ಯಜಮಾನರಾ?"

"ಅಲ್ಲ, ಅವ್ನ ಅಣ್ಣ. ತಾಲ್ಲೂಕು ಆಫೀಸು, ಮಾರ್ಕೆಟ್ಟು, ಹೆಣ್ಣು ನೋಡೋದು, ಮನೆ ಪರವಾಗಿ ಎಲ್ಲಕ್ಕೂ ನಾನೇ ಓಗೋದು. ಒಂದೇ ತಾಯಿ ಮಕ್ಳು, ಒಂದೇ ರಕ್ತ. ತಕಳಿ ಮೇಡಂ."

ಅಷ್ಟು ಹೊತ್ತೂ ತಲೆ ತಗ್ಗಿಸಿದ್ದ ಸೊಸೆ ಮೆಲ್ಲಗೆ ಕೇಳಿದಳು: "ಮಾತ್ರೆ ಕೊಟ್ರೆ ಅದ್ನೂ ನೀವೇ ನುಂಗ್ತೀರಾ ಭಾವ?"

ಹಿರಿಯರು ಮಡಿಸಿದ ತೋಳು ಇಳಿಸಿ, ಹೊರಗೆ ಹೋಗಿ ತಮ್ಮನಿಗೆ ಫೋನು ಹಚ್ಚಿದರು.

ತಮ್ಮ ಬೈಕಿನಲ್ಲಿ ಬಂದ. ಆಳು ಬಾಗಿಲಿನಷ್ಟಿದ್ದ. ಸೂಜಿ ಕಂಡದ್ದೇ ಹಣೆಯಲ್ಲಿ ಬೆವರು. "ಇನ್ನೊಂದಿನ ಬರ್ತೀನಿ ಮೇಡಂ," ಎಂದು ಎದ್ದೇಬಿಟ್ಟ. ಬಾರದೆ ಇದ್ದದ್ದು ಮರ್ಯಾದೆಗೆ ಅಂಜಿ ಎಂದುಕೊಂಡಿದ್ದೆ; ಅಂಜಿದ್ದು ಸೂಜಿಗೆ!

ಹೆಂಡತಿ ಅವನ ಹೆಗಲು ಒತ್ತಿ ಕೂರಿಸಿದಳು.

"ಕಣ್ಮುಚ್ಕಳಿ. ಹೆರೋ ನೋವು ನಾನ್ ತಿಂತೀನಿ, ಈ ಸೂಜಿ ನೋವೊಂದು ನೀವ್ ತಿನ್ನಿ."