ಮಹಡಿಯ ಲೇಸರ್‌ನವರ ಬಾಣಂತನದ ಬಗ್ಗೆ

ನಮ್ಮ ಮಹಡಿಯ ತಂಪು ಕೋಣೆಯಲ್ಲಿ ಬಿಜಯಂಗೈದಿರುವ ಶ್ರೀಮನ್ ಟ್ಯೂನಬಲ್ ಲೇಸರ್ ಅವರ ಸನ್ನಿಧಾನಕ್ಕೆ, ಕೆಳಮನೆಯ ವೆಂಕಟರಾಯಪ್ಪ ಮಾಡುವ ನಮಸ್ಕಾರಗಳು.

ಮಾನ್ಯರೇ,

ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್... ಮುಂದಿನದು ಮರೆತಿದೆ, ಕನ್ನಡದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ. ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಮನೆಯ ಕೆಳಗಡೆ ರೇಷ್ಮೆ ಹುರಿ ಮಾಡುವ ಮಷೀನುಗಳಿವೆ. ಅವನ್ನು ಓಡಿಸುವವರು ಅಮ್ಮಯಮ್ಮ, ಅದರಿಂದಲೇ ಅವರ ಒಲೆ ಉರಿಯುವುದು. ತಮ್ಮ ಕಂಪನಿಯವರು ಮಹಡಿಯನ್ನು ಬಾಡಿಗೆಗೆ ಹಿಡಿದಾಗ, ಇಂಜಿನಿಯರ್ ಅರ್ಪಿತ ಎಂಬ ಹುಡುಗಿ ತಮ್ಮ ಸ್ವಭಾವವನ್ನು ವಿವರಿಸಿದಳು. ತಮ್ಮನ್ನು ಬೇಕಾದ ತರಂಗಾಂತರಕ್ಕೆ ತಿರುಗಿಸಬಹುದಂತೆ, ಆದರೆ ಅಲ್ಲೇ ನಿಲ್ಲುವುದು ತಮಗೆ ಬಾರದಂತೆ; ಕೊಂಚ ಬೆಚ್ಚಗಾದರೆ ಅದು ಉದ್ದವಾಗುತ್ತದಂತೆ, ತಣ್ಣಗಾದರೆ ಮೊಟಕಂತೆ; ಅದಕ್ಕೇ ತಮ್ಮನ್ನು ಅಳೆಯುತ್ತಲೇ ಇರಲು ಒಂದು ಮಾಪಕ, ದಾರಿ ತಪ್ಪಿದೊಡನೆ ಎಳೆದು ತರಲು ಒಂದು ನಿಯಂತ್ರಕ. ನನ್ನ ದಿವಂಗತ ಪತ್ನಿ ಮುನಿವೆಂಕಟಮ್ಮನವರು ಈ ಎರಡೂ ಕೆಲಸವನ್ನು ಒಂದೇ ಕೆಮ್ಮಿನಲ್ಲಿ ಮುಗಿಸುತ್ತಿದ್ದರು; ಇರಲಿ, ವಿಷಯಕ್ಕೆ ಬರುತ್ತೇನೆ.

ಗಾಳಿ ತಾಕಬಾರದು, ಸೆಕೆ ಆಗಬಾರದು, ಚಪ್ಪಲಿ ಹೊರಗೇ ಬಿಡಬೇಕು, ಕಂಡವರು ಇಣುಕಬಾರದು, ಗದ್ದಲ ಕೂಡದು ಎಂಬ ತಮ್ಮ ಕೋಣೆಯ ಕಟ್ಟಳೆಗಳನ್ನು ಕೇಳಿದ ಅಮ್ಮಯಮ್ಮ, ಅರ್ಧ ಊರಿನ ಬಾಣಂತಿಯರಿಗೆ ನೀರು ಹಾಕಿದವರಾದ್ದರಿಂದ, "ಅಯ್ಯೋ, ಇಷ್ಟೆಲ್ಲಾ ಮಾಡ್ತಾರೆ, ಸಾಂಬ್ರಾಣಿ ಒಂದ್ ಹಾಕಲ್ವಲ್ಲ ಈ ಹುಡುಗ್ರು!" ಎಂದು ಮರುಗಿ, ಶುಕ್ರವಾರ ಬೆಳಿಗ್ಗೆ ಕೆಂಡದ ಬಟ್ಟಲು ಹಿಡಿದು ತಮ್ಮ ಮೇಜಿನ ಸುತ್ತ ಹೊಗೆ ಕೊಟ್ಟರು. ಆ ಬಿಸಿಗೆ ತಾವು ಉದ್ದವಾದಿರಿ. ಮಾಪಕ ಮಹಾಶಯರು ಹೊಗೆಯಲ್ಲಿ ಕಣ್ಣು ಕಾಣದೆ ಬಾಯಿಗೆ ಬಂದ ಅಂಕಿ ಒದರಿದರು. ನಿಯಂತ್ರಕರು ಅದನ್ನೇ ನಂಬಿ ತಮ್ಮನ್ನು ಎಲ್ಲೆಲ್ಲಿಗೋ ಎಳೆದಾಡಿದರು. "ಅಜ್ಜೀ, ಏನ್ ಮಾಡ್ಬಿಟ್ರಿ! ವೇವ್‌ಲೆಂತ್ ಎಲ್ಲೋ ಓಡೋಯ್ತು!" ಎಂದು ಅರ್ಪಿತ ಕಿರುಚಿದರೆ, "ಓಡಾಡ್ಲಿ ಬುಡವ್ವ, ಎಷ್ಟು ದಿನಾಂತ ಮಲಗೇ ಇರ್ತೈತೆ, ಕೈಕಾಲು ಸಡ್ಲ ಆಗ್ಲಿ" ಎಂದರು ಅಮ್ಮಯಮ್ಮ.

ಅಂದೇ ಕಂಪನಿಯ ಆಜ್ಞೆ ಇಳಿದು ಬಂತು. ಹೊಗೆಯಷ್ಟೇ ಅಲ್ಲ, ನಮ್ಮ ಮಷೀನಿನ ಅದುರುವಿಕೆಯೂ ತಮಗೆ ಆಗದಂತೆ. ತಾವು ಎಚ್ಚರವಿರುವಷ್ಟು ಹೊತ್ತೂ ಅಮ್ಮಯಮ್ಮ ಕೈಕಟ್ಟಿ ಕೂರಬೇಕಂತೆ. ತಾವಾದರೋ ಮಲಗುವುದೇ ಇಲ್ಲ.

ಮಹಾಸ್ವಾಮಿ, ಎಪ್ಪತ್ತು ದಾಟಿದ ಅಮ್ಮಯಮ್ಮನವರನ್ನು ತಿರುಗಿಸುವ ತಿರುಪು ಈವರೆಗೆ ಯಾರ ಕೈಗೂ ಸಿಕ್ಕಿಲ್ಲ. ಬದಲಾಗುವುದನ್ನೇ ಕಸುಬು ಮಾಡಿಕೊಂಡವರು ತಾವು. ಆದ್ದರಿಂದ ತಾವೇ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕಾಗಿ ಪ್ರಾರ್ಥನೆ. ಮಷೀನು ಅದುರಿದಾಗ ತಾವೂ ಅದುರಿ, ಮಾಪಕರಿಗೂ ಅದುರಲು ಅಪ್ಪಣೆ ಕೊಡಿ. ಎಲ್ಲರೂ ಒಟ್ಟಿಗೆ ಅದುರಿದರೆ ಯಾರೂ ಅದುರಿದಂತೆ ಕಾಣುವುದಿಲ್ಲವೆಂದು ನಮ್ಮ ಫಿಸಿಕ್ಸ್ ಮೇಷ್ಟ್ರು ರಿಲೇಟಿವ್ ಮೋಷನ್ ಪಾಠದಲ್ಲಿ ಹೇಳಿದ್ದರು, ಅಥವಾ ಹೇಳಬೇಕಾಗಿತ್ತು.

ತಮ್ಮ ಚಿತ್ತಸ್ಥೈರ್ಯವನ್ನು ಸದಾ ಹಾರೈಸುವ,
ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ, ಬಿ.ಎಸ್ಸಿ., ಫಿಸಿಕ್ಸ್ ಒಂದು ಬಾಕಿ

ವಿ.ಸೂ.: ಅದುರಬಾರದೆಂಬ ಆಜ್ಞೆಯ ಒಂದು ಪ್ರತಿಯನ್ನು, ನಮ್ಮ ತಾರಸಿಯ ಮೇಲೆ ದಿನವಿಡೀ ಗುಡುಗುತ್ತಾ ದೇವನಹಳ್ಳಿಗೆ ಇಳಿಯುವ ವಿಮಾನಗಳಿಗೂ ದಯಮಾಡಿ ಕಳುಹಿಸಿರಿ. ಅವು ನಿಂತ ಮೇಲೆ ಮಷೀನು ನಿಲ್ಲಿಸುತ್ತಾರಂತೆ ಅಮ್ಮಯಮ್ಮ. ಈ ಕಾಗದದ ಅಕ್ಷರಗಳು ಸೊಟ್ಟಗಿರುವುದು ನನ್ನ ವಯಸ್ಸಿನಿಂದಲ್ಲ. ಪಕ್ಕದಲ್ಲಿ ಅವರು ಆಗಲೇ ಮಷೀನು ಶುರು ಮಾಡಿದ್ದಾರೆ.